ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಬೇಕು, ಸರಿ. ಎಲ್ಲಿ, ಯಾವುದಕ್ಕೆ? ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಒಂದು ಹೋಲಿಕೆ

ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಬಾಯೊಳಗೆ ಇಟ್ಟು ನೋಡಿ. ಹಿಡಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ. ನಾನು ಶಿರಸಿಯಲ್ಲಿ ಹಲ್ಲಿನ ಕ್ಲಿನಿಕ್ಕಿನಲ್ಲಿದ್ದಾಗ ಎರಡು ಬೆರಳೂ ಹಿಡಿಯದ ಹುಡುಗರು ಬರುತ್ತಿದ್ದರು. ಇಪ್ಪತ್ತು, ಇಪ್ಪತ್ತೆರಡು ವಯಸ್ಸು. ಸಾರಿನ ಖಾರ ತಡೆಯುವುದಿಲ್ಲ. ಕೆನ್ನೆಯ ಒಳಗೆ ಬಿಳಿಚಿಕೊಂಡು ಬಿಗಿದ ಪಟ್ಟಿಗಳು. ಜೇಬಿನಲ್ಲಿ ಗುಟ್ಕಾ ಚೀಟು. ಔಷಧ ಬರೆದು, ಬಿಡು ಮಾರಾಯ ಎಂದು ಬೈದು ಕಳಿಸುತ್ತಿದ್ದೆ. ಮುಂದಿನ ವಾರ ಅವನ ಗೆಳೆಯ ಬರುತ್ತಿದ್ದ.

ನಮ್ಮ ಮನೆಯದೂ ಅಡಿಕೆ ತೋಟವೇ. ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ಈ ಮಾತು ಜಗಲಿಯಲ್ಲಿ ಎತ್ತಿದರೆ ಅಪ್ಪ ಕತ್ತಿ ಹಿಡಿದು ತೋಟಕ್ಕೆ ಹೊರಟುಬಿಡುತ್ತಾರೆ. ನನ್ನ ಎಂಪಿಎಚ್ ಫೀಸು ಕಟ್ಟಿದ್ದೂ ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲೇ. ಇರಲಿ.

ಒಬ್ಬೊಬ್ಬನ ಬಾಯಿ ನೋಡುವುದು ಬಿಟ್ಟು, ಇಷ್ಟು ಜನ ಯಾಕೆ ಬರುತ್ತಿದ್ದಾರೆ ಎಂದು ಕೇಳಬೇಕು ಅನಿಸಿದಾಗ ನಾನು ಸಾರ್ವಜನಿಕ ಆರೋಗ್ಯದ ಕಡೆ ತಿರುಗಿದೆ. ಈಗ ಪ್ರತಿ ವರ್ಷ ರಿಸಲ್ಟ್ ಬರುವ ಹೊತ್ತಿಗೆ ಕುಮಟಾ, ಸಿದ್ದಾಪುರ, ಕಾರವಾರದಿಂದ ಫೋನ್ ಬರುತ್ತದೆ. "ಅಕ್ಕಾ, ಎಂಪಿಎಚ್ ಮಾಡ್ಲಾ? ಎಲ್ಲಿ ಮಾಡ್ಲಿ?" ಎಲ್ಲರಿಗೂ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಡಿಗ್ರಿ ಒಂದು, ಕೆಲಸ ಬೇರೆ ಬೇರೆ

ಸಿದ್ದಾಪುರದ ಕಡೆ ಒಂದು ಸೊಪ್ಪಿನ ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದೆ ಎಂದುಕೊಳ್ಳಿ. ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು. ಹೆಸರು ಮಂಗನದ್ದು, ಹರಡುವುದು ಉಣುಗು. ಬೇಸಿಗೆ ತಿಂಗಳುಗಳಲ್ಲಿ ಜಾಸ್ತಿ. ನಮ್ಮವರು ದರಕು (ಉದುರಿದ ಒಣ ಎಲೆ) ಗುಡಿಸಿ ತರಲು, ಕಟ್ಟಿಗೆ ತರಲು ಬೆಟ್ಟಕ್ಕೆ ಹೋಗುವುದೂ ಅದೇ ತಿಂಗಳುಗಳಲ್ಲಿ.

ಆಗ ಒಬ್ಬರು ಲೆಕ್ಕ ಹಿಡಿಯಬೇಕು. ಜ್ವರ ಯಾವ ಕೇರಿಯಲ್ಲಿ ಮೊದಲು ಬಂತು, ಯಾವ ದಿನ ರಕ್ತ ತೆಗೆದರು, ಪಾಸಿಟಿವ್ ಆದವರ ಮನೆ ಮಂಗ ಸತ್ತ ಜಾಗದಿಂದ ಎಷ್ಟು ದೂರ. ಇನ್ನೊಬ್ಬರು ಕೇರಿಗೆ ಹೋಗಬೇಕು. ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ ಎಂದರೆ ಜನ ಯಾಕೆ ಹಚ್ಚಿಕೊಳ್ಳುವುದಿಲ್ಲ, ಬೆಟ್ಟಕ್ಕೆ ಹೋಗಬೇಡಿ ಎಂದರೆ ತೋಟಕ್ಕೆ ಗೊಬ್ಬರ ಎಲ್ಲಿಂದ ಬರಬೇಕು, ಇದನ್ನು ಕೂತು ಕೇಳಬೇಕು. ಮತ್ತೊಬ್ಬರು ಫೈಲು ಓಡಿಸಬೇಕು. ಹಳೆಯ ಲಸಿಕೆ ಹೆಚ್ಚು ಉಪಯೋಗವಿಲ್ಲ ಎಂದು ನಿಂತಿದೆ. ಎಣ್ಣೆಗೆ ಯಾವ ತಿಂಗಳು ಇಂಡೆಂಟ್ ಹಾಕಬೇಕು? ಅರಣ್ಯ, ಪಶು, ಆರೋಗ್ಯ ಮೂರೂ ಇಲಾಖೆಯವರನ್ನು ಒಂದು ಮೇಜಿಗೆ ಕೂರಿಸುವವರು ಯಾರು?

ಎಲ್ಲರದ್ದೂ ಎಂಪಿಎಚ್ಚೇ. ಆದರೆ ಲೆಕ್ಕದವರು ಓದಿದ್ದು ಎಪಿಡೆಮಿಯಾಲಜಿ (ಕಾಯಿಲೆ ಯಾರಿಗೆ, ಎಲ್ಲಿ, ಯಾಕೆ ಬರುತ್ತದೆ ಎಂಬ ಓದು), ಬಯೋಸ್ಟಾಟಿಸ್ಟಿಕ್ಸ್ (ಆರೋಗ್ಯದ ಸಂಖ್ಯಾಶಾಸ್ತ್ರ). ಕೇರಿಯವರು ಓದಿದ್ದು ಸಮಾಜ ವಿಜ್ಞಾನ, ಸಂದರ್ಶನದ ವಿಧಾನ. ಫೈಲಿನವರು ಓದಿದ್ದು ಆರೋಗ್ಯ ನೀತಿ, ಹಣಕಾಸು, ಆಡಳಿತ. ಎಲ್ಲ ಕಾಲೇಜಿನಲ್ಲೂ ಎಲ್ಲವೂ ಸ್ವಲ್ಪ ಸ್ವಲ್ಪ ಇರುತ್ತದೆ. ಒಂದೊಂದು ಕಾಲೇಜಿನ ಕೈ ಒಂದೊಂದರಲ್ಲಿ ಪಳಗಿರುತ್ತದೆ. ನಿಮ್ಮದು ಯಾವುದು ಎಂದು ಗೊತ್ತಿಲ್ಲದೆ "ಯಾವ ಕಾಲೇಜು ಬೆಸ್ಟ್" ಎಂದರೆ ನಾನು ಏನು ಹೇಳಲಿ?

ಗೊತ್ತಾಗಲು ಒಂದು ಉಪಾಯವಿದೆ, ಖರ್ಚಿಲ್ಲದ್ದು. ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯವರು ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಆರೋಗ್ಯ ಸಂಶೋಧನೆಯ ಮೊದಲ ಪಾಠಗಳನ್ನು ಹಾಕಿದ್ದಾರೆ. ಕೇಳುವುದು ಪುಕ್ಕಟೆ. ಎರಡು ವಾರ ಕೇಳಿ. ಸ್ಯಾಂಪಲ್ ಸೈಜ್ ಎಂದಾಗ ಆಕಳಿಕೆ ಬಂದರೆ ಲೆಕ್ಕದ ಕೋರ್ಸು ನಿಮ್ಮದಲ್ಲ. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೂ ಏನಿಲ್ಲ.

ಎಂಪಿಎಚ್ಚೇ ಬೇಕಾ?

ಈ ಪ್ರಶ್ನೆ ಮೊದಲು ಕೇಳಿಕೊಳ್ಳಬೇಕಿತ್ತು. ನಾನು ಕೇಳಿಕೊಳ್ಳಲಿಲ್ಲ.

ಎಂಬಿಬಿಎಸ್ ಆದವರಿಗೆ ಕಮ್ಯುನಿಟಿ ಮೆಡಿಸಿನ್ ಎಂಡಿ ಇದೆ. ಮೂರು ವರ್ಷ, ನೀಟ್ ಪಿಜಿ ಮೂಲಕ. ಹಲ್ಲಿನವರಿಗೆ ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿಯಲ್ಲಿ ಎಂಡಿಎಸ್, ಅದೂ ಮೂರು ವರ್ಷ. ಆಯುರ್ವೇದದವರಿಗೆ ಸ್ವಸ್ಥವೃತ್ತದಲ್ಲಿ ಎಂಡಿ. ನರ್ಸಿಂಗ್‌ನವರಿಗೆ ಕಮ್ಯುನಿಟಿ ಹೆಲ್ತ್ ನರ್ಸಿಂಗ್‌ನಲ್ಲಿ ಎಂಎಸ್ಸಿ, ಎರಡು ವರ್ಷ. ಇವೆಲ್ಲ ಆಯಾ ಕೌನ್ಸಿಲ್ಲಿನ ಲೆಕ್ಕಕ್ಕೆ ಬರುವ ಡಿಗ್ರಿಗಳು. ಎಂಪಿಎಚ್ ಹಾಗಲ್ಲ. ಅದನ್ನು ವಿಶ್ವವಿದ್ಯಾಲಯ ಕೊಡುತ್ತದೆ, ಮೆಡಿಕಲ್ ಕೌನ್ಸಿಲ್ಲಿನ ಪಟ್ಟಿಯಲ್ಲಿ ಎಂಡಿಗೆ ಸಮ ಎಂದು ಅದು ಕೂರುವುದಿಲ್ಲ.

ಹಾಗಾಗಿ ಪಾಠ ಹೇಳುವ ಆಸೆ ಇದ್ದರೆ, ಅಂದರೆ ಮುಂದೊಂದು ದಿನ ಕಾರವಾರದ ಮೆಡಿಕಲ್ ಕಾಲೇಜಿನಂಥ ಕಡೆ ಕಮ್ಯುನಿಟಿ ಮೆಡಿಸಿನ್ ಪ್ರೊಫೆಸರ್ ಆಗಬೇಕು ಎಂದಿದ್ದರೆ, ಎಂಬಿಬಿಎಸ್ ಆದವರು ಎಂಡಿಯನ್ನೇ ಮಾಡಿ. ಇದರಲ್ಲಿ ಎರಡು ಮಾತಿಲ್ಲ. ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್ ಆಗುವವರಿಗೂ ಎಂಎಸ್ಸಿಯೇ ಸರಿ.

ಎಂಪಿಎಚ್ ಬಾಗಿಲು ತೆಗೆಯುವುದು ಬೇರೆ ಕಡೆಗೆ. ಸಂಶೋಧನಾ ಯೋಜನೆಗಳು, ಸರ್ಕಾರೇತರ ಸಂಸ್ಥೆಗಳು, ರಾಷ್ಟ್ರೀಯ ಆರೋಗ್ಯ ಅಭಿಯಾನದ ಕಾರ್ಯಕ್ರಮ ಹುದ್ದೆಗಳು, ಅಂತರರಾಷ್ಟ್ರೀಯ ಸಂಸ್ಥೆಗಳು. ಇನ್ನೊಂದು ಅನುಕೂಲ, ಎಷ್ಟೋ ಕಾಲೇಜುಗಳಲ್ಲಿ ಇದು ವೈದ್ಯರಲ್ಲದವರಿಗೂ ಸಿಗುತ್ತದೆ. ಬಿಎಸ್ಸಿ, ಬಿಎಸ್‌ಡಬ್ಲ್ಯು, ಫಿಸಿಯೋಥೆರಪಿ ಓದಿದವರೂ ಸೇರಬಹುದು. ನನ್ನ ಕ್ಲಾಸಿನಲ್ಲಿ ಅರ್ಧದಷ್ಟು ಹಲ್ಲಿನ ಡಾಕ್ಟರುಗಳೇ ಇದ್ದೆವು. ಕ್ಲಿನಿಕ್ ಹಾಕಲು ಬಂಡವಾಳ ಇಲ್ಲದವರೆಲ್ಲ ಇಲ್ಲಿ ಬಂದಿದ್ದೇವೆ ಎಂದು ನಾವೇ ನಗುತ್ತಿದ್ದೆವು. ಪೂರ್ತಿ ಸುಳ್ಳೂ ಅಲ್ಲ.

ಎಂಎಚ್‌ಎ ಬಗ್ಗೆ ಒಂದೇ ಮಾತು. ಅದು ಆಸ್ಪತ್ರೆ ನಡೆಸುವ ಓದು. ಊರಿನ ಆರೋಗ್ಯದ ಓದಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಮ್ಯಾನೇಜರ್ ಆಗುವವರಿಗೆ ಒಳ್ಳೆಯದು. ಹೆಸರು ಹತ್ತಿರ ಇದೆ ಎಂದು ಅರ್ಜಿ ಹಾಕಬೇಡಿ.

ನಮ್ಮ ಕಡೆಯಿಂದ ಯಾವುದಕ್ಕೆ ಹೋಗಬಹುದು

ಮಣಿಪಾಲ ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು. ಕರಾವಳಿಯವರಿಗೆ ಅದು ಪರವೂರೇ ಅಲ್ಲ. ಭಟ್ಕಳ, ಹೊನ್ನಾವರದಲ್ಲಿ ಜೋರು ಕಾಯಿಲೆ ಬಂದರೆ ಆಂಬುಲೆನ್ಸ್ ಹೋಗುವುದೇ ಅಲ್ಲಿಗೆ. ಅಲ್ಲಿನ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್ ದೊಡ್ಡದು. ಲೈಬ್ರರಿ ಚೆನ್ನಾಗಿದೆ, ಹೊರದೇಶದ ವಿಶ್ವವಿದ್ಯಾಲಯಗಳ ಜೊತೆ ಓಡಾಟವಿದೆ. ಕ್ಷೇತ್ರಕಾರ್ಯವೆಲ್ಲ ಉಡುಪಿಯ ಸುತ್ತ, ಕನ್ನಡ, ತುಳು, ಕೊಂಕಣಿಯಲ್ಲಿ ನಡೆಯುತ್ತದೆ. ಹೊರಗಿನಿಂದ ಬಂದವರು ದುಭಾಷಿಯ ಮುಖ ನೋಡುವಾಗ ನೀವು ಅಂಗಳದಲ್ಲಿ ಕೂತು ಮಾತಾಡಬಹುದು. ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯ, ಹಾಗಾಗಿ ಫೀಸು ಲಕ್ಷಗಳಲ್ಲಿ. ಹಾಸ್ಟೆಲ್ಲೂ ಅಗ್ಗವಲ್ಲ.

ಹಳಿಯಾಳ, ಮುಂಡಗೋಡ, ಶಿರಸಿಯವರಿಗೆ ಬೆಳಗಾವಿಯ ಕೆಎಲ್‌ಇ ನನ್ನ ಮಟ್ಟಿಗೆ ಸಿಗಬೇಕಾದಷ್ಟು ಹೆಸರು ಸಿಗದ ಜಾಗ. ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ತಾಯಿ ಮಗುವಿನ ಆರೋಗ್ಯದ ಮೇಲೆ ವರ್ಷಗಟ್ಟಲೆ ಹಳ್ಳಿಗಳಲ್ಲಿ ಕೆಲಸ ಮಾಡಿದ್ದಾರೆ. ಹೆರಿಗೆಯ ಮೇಲೆ ರಕ್ತ ಜಾಸ್ತಿ ಹೋಗದಂತೆ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹಳ್ಳಿಯ ಎಎನ್‌ಎಂಗಳೇ (ಉಪಕೇಂದ್ರದ ಸಿಸ್ಟರುಗಳೇ) ಕೊಡಬಹುದಾ ಎಂಬ ದೊಡ್ಡ ಪ್ರಯೋಗ ಬೆಳಗಾವಿ ಜಿಲ್ಲೆಯದ್ದೇ. ಹಾಗೆ ರಕ್ತಸ್ರಾವವಾಗುವವರು ನೂರಕ್ಕೆ 12ರಿಂದ 6ರ ಆಸುಪಾಸಿಗೆ ಇಳಿದರು. 2006ರಲ್ಲಿ ಅದು ಲ್ಯಾನ್ಸೆಟ್‌ನಲ್ಲಿ ಬಂತು. ನಮ್ಮ ಸಿಸ್ಟರುಗಳು ಮಾಡಿದ ಕೆಲಸ ಜಗತ್ತು ಓದಿತು, ಅಲ್ವಾ? ತಾಯಿ ಮಗುವಿನ ವಿಷಯದಲ್ಲಿ ಪ್ರಬಂಧ ಮಾಡುವ ಆಸೆ ಇರುವವರು ಮೊದಲು ಇಲ್ಲಿ ವಿಚಾರಿಸಿ.

ಈಗ ದೂರದ ಮಾತು. ಕಾರವಾರ, ಕುಮಟಾದವರಿಗೆ ನೇತ್ರಾವತಿ ಎಕ್ಸ್‌ಪ್ರೆಸ್ ಒಂದು ವರವೇ. ಒಂದು ದಿಕ್ಕಿಗೆ ಹತ್ತಿದರೆ ಮುಂಬೈ, ಇನ್ನೊಂದು ದಿಕ್ಕಿಗೆ ತಿರುವನಂತಪುರ. ಈ ಓದಿಗೆ ದೇಶದಲ್ಲಿ ದೊಡ್ಡ ಹೆಸರಿರುವ ಎರಡು ಜಾಗಗಳು ಆ ಒಂದೇ ಗಾಡಿಯ ಎರಡು ತುದಿಯಲ್ಲಿವೆ.

ತಿರುವನಂತಪುರದಲ್ಲಿರುವುದು ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ. ನಮ್ಮ ದೇಶದಲ್ಲಿ ಎಂಪಿಎಚ್ ಎಂಬ ಹೆಸರಿನ ಕೋರ್ಸು ಮೊದಲು ಶುರುವಾಗಿದ್ದೇ ಅಲ್ಲಿ, 1997ರಲ್ಲಿ. ಕೇಂದ್ರ ಸರ್ಕಾರದ ಸಂಸ್ಥೆ, ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಗಟ್ಟಿ. ಲೆಕ್ಕವೂ ಕೇರಿಯೂ ಎರಡೂ ಚೆನ್ನಾಗಿ ಕಲಿಸುತ್ತಾರೆ. ಲಿಂಗ, ಜಾತಿ, ಬಡತನ ಕಾಯಿಲೆಯ ಜೊತೆ ಹೇಗೆ ಹೆಣೆದುಕೊಂಡಿವೆ ಎಂದು ಕೇಳುವ ಅಭ್ಯಾಸ ಅಲ್ಲಿನವರಿಗೆ ಮೊದಲಿನಿಂದಲೂ ಇದೆ. ಮಲಯಾಳಂ ಬಾರದಿದ್ದರೆ ಪ್ರಬಂಧ ಹೇಗೆ ಎಂಬ ಹೆದರಿಕೆ ಬೇಡ. ತಮ್ಮ ತಮ್ಮ ರಾಜ್ಯಕ್ಕೆ ಮರಳಿ ಹೋಗಿ ಮಾಹಿತಿ ಕಲೆಹಾಕಿ ಬರುವವರು ಅಲ್ಲಿ ಬಹಳ. ಸೀಟು ಸಿಕ್ಕರೆ ಕಣ್ಣು ಮುಚ್ಚಿ ಹೋಗಿ ಎಂದು ನಾನು ಹೇಳುವ ಜಾಗ ಇದೊಂದೇ.

ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಎಲ್ಲರೂ ಕರೆಯುವ ಹಾಗೆ ಟಿಸ್. ಗಾಡಿ ಕುರ್ಲಾದಲ್ಲಿ ಇಳಿಸಿದರೆ ದೇವನಾರ್ ದೂರವಿಲ್ಲ. ಅಲ್ಲಿ ಎಂಪಿಎಚ್ಚಿನಲ್ಲಿ ಎರಡು ದಾರಿ: ಒಂದು ಸೋಷಿಯಲ್ ಎಪಿಡೆಮಿಯಾಲಜಿ, ಇನ್ನೊಂದು ಆರೋಗ್ಯ ನೀತಿ, ಅರ್ಥಶಾಸ್ತ್ರ ಮತ್ತು ಹಣಕಾಸು. ಫೈಲಿನ ಕೆಲಸ ಇಷ್ಟಪಡುವವರಿಗೆ ಎರಡನೆಯದು ಹೇಳಿ ಮಾಡಿಸಿದ್ದು. ಪ್ರವೇಶ ಈಗ ಸಿಯುಇಟಿ ಪಿಜಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆದು. ಊರಿನಲ್ಲಿ ಕನ್ನಡ ಮೀಡಿಯಂ ಓದಿದವರಿಗೆ ಮೊದಲ ಸೆಮಿಸ್ಟರ್ ಕಷ್ಟ. ವಾರಕ್ಕೆ ನೂರಾರು ಪುಟ ಇಂಗ್ಲಿಷ್ ಓದಬೇಕು, ಕ್ಲಾಸಿನಲ್ಲಿ ಎದ್ದು ವಾದ ಮಾಡಬೇಕು. ನಾವು ಘಟ್ಟದವರು ಊಟದ ಪಂಕ್ತಿಯಲ್ಲಿ ಮಾಡುವ ವಾದವನ್ನು ಕ್ಲಾಸಿನಲ್ಲಿ ಮಾಡುವುದಿಲ್ಲ ನೋಡಿ.

ಕೆಲಸದಲ್ಲಿ ಇರುವವರು, ಅದರಲ್ಲೂ ಆರೋಗ್ಯ ಇಲಾಖೆಯವರು, ಚೆನ್ನೈನ ಅದೇ ಎಪಿಡೆಮಿಯಾಲಜಿ ಸಂಸ್ಥೆಯ ಕೋರ್ಸನ್ನೊಮ್ಮೆ ನೋಡಿ. ಐಸಿಎಂಆರ್‌ಗೆ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ್ದು. ಕ್ಲಾಸಿಗಿಂತ ಫೀಲ್ಡಿನಲ್ಲಿ ಕಲಿಸುವುದೇ ಅವರ ಪದ್ಧತಿ. ಎಲ್ಲೋ ಜ್ವರ ಎದ್ದಿತು ಎಂದರೆ ಹೋಗಿ, ಹುಡುಕಿ, ಬರೆದು ತರಬೇಕು. ನಮ್ಮ ಜಿಲ್ಲೆಯಲ್ಲಿ ಲೆಪ್ಟೋಸ್ಪೈರೋಸಿಸ್, ಡೆಂಗಿ, ಮಂಗನ ಕಾಯಿಲೆ ನೋಡಿ ಬಂದವರಿಗೆ ಅಲ್ಲಿ ಕೈತುಂಬ ಕೆಲಸ.

ಬೆಂಗಳೂರು, ಮೈಸೂರು, ಹೈದರಾಬಾದಿನಲ್ಲೂ ಇದೆ. ನಿಮ್ಹಾನ್ಸ್‌ನದ್ದು ಮಾನಸಿಕ ಆರೋಗ್ಯ, ಅಪಘಾತ, ಆತ್ಮಹತ್ಯೆ ತಡೆಯಂಥ ವಿಷಯದಲ್ಲಿ ಆಸಕ್ತಿ ಇದ್ದವರಿಗೆ. ಸಿದ್ದಾಪುರದವರು ತಾಳಗುಪ್ಪದಲ್ಲಿ ರೈಲು ಹತ್ತಿದರೆ ಸೀದಾ ಮೈಸೂರಿಗೆ ಇಳಿಯಬಹುದು, ಅಲ್ಲಿ ಜೆಎಸ್‌ಎಸ್ ಇದೆ. ಹೊರದೇಶದ ಮಾತು ಉದ್ದ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಒಂದೇ ವರ್ಷದ ಕೋರ್ಸು, ಎರಡು ವರ್ಷ ಕೆಲಸ ಮಾಡಿದವರು ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ವಿದ್ಯಾರ್ಥಿವೇತನವಿಲ್ಲದೆ ತೋಟ ಅಡವಿಟ್ಟು ಮಾತ್ರ ಹೋಗಬೇಡಿ.

ಫೀಲ್ಡ್ ವಿಸಿಟ್ ಎಂಬ ನಾಟಕ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಎಡವಿದ್ದು ಇಲ್ಲಿ.

ನಾನು ಸೇರಿದ್ದು ಮೇಲೆ ಹೇಳಿದ ಯಾವ ಕಾಲೇಜೂ ಅಲ್ಲ. ಬ್ರೋಷರಿನಲ್ಲಿ ಹಸಿರು ಗದ್ದೆ, ಸೀರೆ ಉಟ್ಟ ಆಶಾ ಕಾರ್ಯಕರ್ತೆ, ಕೈಯಲ್ಲಿ ಟ್ಯಾಬ್ ಹಿಡಿದ ವಿದ್ಯಾರ್ಥಿನಿ. ಸೇರಿದ ಮೇಲೆ ಫೀಲ್ಡ್ ಎಂದರೆ ತಿಂಗಳಿಗೊಮ್ಮೆ ಕಾಲೇಜು ಬಸ್ಸಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದು. ಡಾಕ್ಟರು ಹತ್ತು ನಿಮಿಷ ಮಾತಾಡುತ್ತಿದ್ದರು. ಲಸಿಕೆಯ ಫ್ರಿಜ್ ಮುಂದೆ ಗ್ರೂಪ್ ಫೋಟೋ. ಚಾ, ಬಿಸ್ಕತ್ತು. ವಾಪಸ್ಸು. ಎರಡು ವರ್ಷದಲ್ಲಿ ಒಂದು ಮನೆಯ ಬಾಗಿಲನ್ನೂ ಒಬ್ಬಳೇ ತಟ್ಟಲಿಲ್ಲ ನಾನು.

ಪ್ರಬಂಧಕ್ಕೆ ಅಡಿಕೆ, ಗುಟ್ಕಾ ವಿಷಯ ತೆಗೆದುಕೊಳ್ಳುತ್ತೇನೆ ಎಂದೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧ. ಆದರೆ ಅಂಗಡಿಯಲ್ಲಿ ಪಾನ್ ಮಸಾಲೆ ಒಂದು ಚೀಟು, ತಂಬಾಕು ಇನ್ನೊಂದು ಚೀಟು, ಎರಡೂ ಒಟ್ಟಿಗೆ ಕೊಡುತ್ತಾರೆ. ಹುಡುಗ ಅಂಗೈಯಲ್ಲಿ ಬೆರೆಸಿಕೊಂಡು ಬಾಯಿಗೆ ಹಾಕುತ್ತಾನೆ. ಆದೇಶಕ್ಕೂ ಅಂಗೈಗೂ ನಡುವೆ ಏನು ನಡೆಯುತ್ತದೆ ಎಂದು ನೋಡುವುದೇ ಈ ಓದು ಎಂದು ನಾನು ತಿಳಿದಿದ್ದೆ. ಗೈಡು "ಅಷ್ಟೆಲ್ಲ ಬೇಡ, ಕಾಲೇಜು ಮಕ್ಕಳಿಗೆ ಒಂದು ಪ್ರಶ್ನಾವಳಿ ಕೊಟ್ಟುಬಿಡಿ" ಎಂದರು. ಕೊಟ್ಟೆ. ಡಿಗ್ರಿ ಬಂತು. ಕೆಲಸ ಕಲಿತಿದ್ದು ಆಮೇಲೆ, ಒಂದು ಸರ್ವೆಯಲ್ಲಿ ಬಿಸಿಲಲ್ಲಿ ಓಡಾಡಿ.

ಅದಕ್ಕೇ ಹೇಳುವುದು. ಅರ್ಜಿ ಹಾಕುವ ಮೊದಲು ಕಾಲೇಜಿಗೆ ಫೋನ್ ಮಾಡಿ, ಕಳೆದ ಎರಡು ವರ್ಷದ ಪ್ರಬಂಧಗಳ ಶೀರ್ಷಿಕೆ ಕಳಿಸಿ ಎನ್ನಿ. ಎಲ್ಲವೂ "ನಮ್ಮ ಆಸ್ಪತ್ರೆಗೆ ಬಂದ ರೋಗಿಗಳಲ್ಲಿ ಅರಿವಿನ ಮಟ್ಟ" ಎಂಬ ಧಾಟಿಯಲ್ಲಿದ್ದರೆ ಅಲ್ಲಿ ಯಾರೂ ಗೇಟು ದಾಟಿಲ್ಲ. ಊರುಗಳ ಹೆಸರು, ಸಮುದಾಯಗಳ ಹೆಸರು ಕಂಡರೆ ಒಳ್ಳೆಯ ಲಕ್ಷಣ. ಹಳ್ಳಿಯಲ್ಲಿ ಉಳಿದು ಮಾಡುವ ಕೆಲಸ ಒಟ್ಟು ಎಷ್ಟು ವಾರ ಎಂದು ಕೇಳಿ. ಲೆಕ್ಕ ಕಲಿಯಲು ಯಾವ ಸಾಫ್ಟ್‌ವೇರ್ ಎಂದೂ ಕೇಳಿ. ಆರ್, ಎಪಿ ಇನ್ಫೋ ಪುಕ್ಕಟೆ ಸಿಗುತ್ತವೆ, ನಾಳೆ ಹೊನ್ನಾವರದಲ್ಲಿ ಕೂತರೂ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡುತ್ತವೆ. ಕಾಲೇಜಿನ ಲೈಸೆನ್ಸಿನಲ್ಲಿ ಮಾತ್ರ ನಡೆಯುವುದನ್ನು ಕಲಿತರೆ ಕೋರ್ಸು ಮುಗಿದ ದಿನ ಕೈ ಖಾಲಿ.

ನಮ್ಮ ಜಿಲ್ಲೆಯವರಿಗೆ ಈ ವಿಷಯದಲ್ಲಿ ಒಂದು ಬಲ ಇದೆ, ನಮಗೇ ಅದರ ಬೆಲೆ ಗೊತ್ತಿಲ್ಲ. ಹಾಲಕ್ಕಿಗಳು, ಸಿದ್ದಿಗಳು, ಕುಣಬಿಗಳು, ಗೌಳಿಗಳು, ಮೀನುಗಾರರು, ಭಟ್ಕಳದ ನವಾಯತರು, ಒಂದೇ ಜಿಲ್ಲೆಯಲ್ಲಿ ಎಷ್ಟು ನುಡಿ, ಎಷ್ಟು ಬಗೆಯ ಬದುಕು. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಡಿಗೆ ಪದ್ಮಶ್ರೀ ಪಡೆದವರು, 2017ರಲ್ಲಿ. ಹಾಡಿನಷ್ಟೇ ಹಟದಿಂದ ಸಾರಾಯಿ ವಿರುದ್ಧವೂ ಹೆಂಗಸರನ್ನು ಕಟ್ಟಿಕೊಂಡು ನಿಂತರು. ಅದನ್ನು ಯಾರೂ ಸಾರ್ವಜನಿಕ ಆರೋಗ್ಯ ಎಂದು ಕರೆಯಲಿಲ್ಲ, ಅಷ್ಟೇ. ಸಂದರ್ಶನದಲ್ಲಿ ಯಾಕೆ ಈ ಕೋರ್ಸು ಎಂದು ಕೇಳಿದಾಗ "ಸಮಾಜ ಸೇವೆ ಮಾಡಬೇಕು" ಎನ್ನುವುದಕ್ಕಿಂತ ನಿಮ್ಮ ಕೇರಿಯ ಒಂದು ಸಂಗತಿ ಹೇಳಿ.

ದುಡ್ಡು, ಮತ್ತೆ ನೌಕರಿ

ಫೀಸು ವರ್ಷಕ್ಕೊಂದು ಥರ. ಆ ವರ್ಷದ ಪ್ರವೇಶ ಕೈಪಿಡಿಯಲ್ಲೇ ನೋಡಬೇಕು. ಆದರೆ ಫೀಸನ್ನಷ್ಟೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಮುಂಬೈಯಲ್ಲಿ ಹಾಸ್ಟೆಲ್ ಸಿಗದಿದ್ದರೆ ಬಾಡಿಗೆಯೇ ಫೀಸನ್ನು ಮೀರಿಸಬಹುದು. ಎರಡು ವರ್ಷ ಸಂಬಳ ಬಿಡುವುದೂ ಖರ್ಚೇ. ಸಾಲ ಬೇಕಾದರೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. 7.5 ಲಕ್ಷದವರೆಗಿನ ವಿದ್ಯಾ ಸಾಲಕ್ಕೆ ಕೇಂದ್ರದ ಖಾತರಿ ನಿಧಿ ಇದೆ, ಅಷ್ಟಕ್ಕೆ ಜಮೀನು ಅಡವು ಬೇಕಿಲ್ಲ. ಬ್ಯಾಂಕಿನವರು ಮೊದಲ ಮಾತಿಗೇ ಪಹಣಿ ತನ್ನಿ ಎಂದರೆ ಇದನ್ನು ನೆನಪಿಸಿ. ಕೋರ್ಸು ಮುಗಿದು ಒಂದು ವರ್ಷದ ಮೇಲೆ ಸಾಮಾನ್ಯವಾಗಿ ಕಂತು ಶುರು.

ಆ ಒಂದು ವರ್ಷ ಬೇಗ ಮುಗಿಯುತ್ತದೆ. ಈ ಕ್ಷೇತ್ರದಲ್ಲಿ ಹೆಚ್ಚಿನ ನೌಕರಿಗಳು ಗುತ್ತಿಗೆಯವು. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಮನೆಯವರಿಗೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಪ್ರತಿ ಹಬ್ಬದಲ್ಲೂ "ಪರ್ಮನೆಂಟ್ ಆಯ್ತಾ?" ಎಂಬ ಪ್ರಶ್ನೆ ತಪ್ಪದು. ನಮ್ಮ ಆಯಿಗೆ ನಾನು ಏನು ಕೆಲಸ ಮಾಡುತ್ತೇನೆ ಎಂದು ಇನ್ನೂ ಸರಿಯಾಗಿ ಗೊತ್ತಿಲ್ಲ. "ಹಲ್ಲು ಕೀಳುದು ಬಿಟ್ಟಿದ್ದು" ಎಂದಷ್ಟೇ ನೆಂಟರಿಗೆ ಹೇಳುತ್ತಾಳೆ.

ನಾನು ಹೇಳುವ ಕಸರತ್ತು ಇದು. ಆರು ತಿಂಗಳು, ಕಣ್ಣಿಗೆ ಬಿದ್ದ ಸಾರ್ವಜನಿಕ ಆರೋಗ್ಯದ ನೌಕರಿ ಜಾಹೀರಾತುಗಳನ್ನೆಲ್ಲ ಒಂದು ಕಡೆ ಇಡಿ. ಅರ್ಹತೆಯ ಸಾಲು ಮಾತ್ರ ಓದಿ. ಎಂಬಿಬಿಎಸ್ ಜೊತೆ ಎಂಪಿಎಚ್ ಎಂದಿದೆಯೋ, ಯಾವುದೇ ಪದವಿ ಜೊತೆ ಎಂಪಿಎಚ್ ಎಂದಿದೆಯೋ, ಎಷ್ಟು ವರ್ಷ ಅನುಭವ ಕೇಳಿದ್ದಾರೆ. ಜಿಲ್ಲಾ ಸರ್ವೇಕ್ಷಣಾ ಘಟಕದ ಹುದ್ದೆಗಳಲ್ಲಿ ವೈದ್ಯರಿಗೆ ಮೊದಲ ಮಣೆ ಹಾಕುವುದು ಸಾಮಾನ್ಯ. ಬಿಎಸ್ಸಿ ಓದಿದವರಿಗೆ ಬೇಸರವಾಗಬಹುದು. ಆದರೆ ಸೇರಿದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಒಳ್ಳೆಯದು. ಅಂಥವರು ಎಂಪಿಎಚ್ಚಿಗಿಂತ ಬಯೋಸ್ಟಾಟಿಸ್ಟಿಕ್ಸ್ ಎಂಎಸ್ಸಿಯನ್ನೂ ಒಮ್ಮೆ ನೋಡಿ. ಲೆಕ್ಕ ಬರುವವರಿಗೆ ಎಲ್ಲ ಕಡೆ ಬೇಡಿಕೆ ಇದೆ.

ಸಮುದಾಯ ಆರೋಗ್ಯ ಅಧಿಕಾರಿಯಾಗಿ ಈಗಾಗಲೇ ಉಪಕೇಂದ್ರದಲ್ಲಿರುವ ನರ್ಸಿಂಗ್ ಗೆಳತಿಯರಿಗೆ ನನ್ನ ಸಲಹೆ ಬೇರೆ. ಎರಡು ವರ್ಷವಾದರೂ ಅಲ್ಲಿ ಕೆಲಸ ಮಾಡಿ ಆಮೇಲೆ ಹೋಗಿ. ಬಿಪಿ ಮಾತ್ರೆ ಯಾಕೆ ಅರ್ಧಕ್ಕೆ ಬಿಡುತ್ತಾರೆ ಎಂದು ನಿಮಗೆ ಗೊತ್ತಿರುವಷ್ಟು ಕ್ಲಾಸಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ದೂರ ಶಿಕ್ಷಣದಲ್ಲಿ ಮಾಡುವ ಯೋಚನೆ ಇದ್ದರೆ ಆ ಕೋರ್ಸಿಗೆ ಆ ವರ್ಷ ಯುಜಿಸಿ ದೂರ ಶಿಕ್ಷಣ ವಿಭಾಗದ ಮಾನ್ಯತೆ ಇದೆಯಾ ಎಂದು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಕೊನೆಗೆ ಒಂದು ಮಳೆಯ ಮಾತು. ಸಂದರ್ಶನ, ಅಡ್ಮಿಷನ್ನಿನ ಓಡಾಟ ಜೂನ್, ಜುಲೈ ತಿಂಗಳಿಗೇ ಬಂದು ಬೀಳುವುದು ಜಾಸ್ತಿ. ಆಗ ಕೊಂಕಣ ರೈಲಿನದ್ದು ಮಳೆಗಾಲದ ವೇಳಾಪಟ್ಟಿ, ಗಾಡಿಗಳ ಹೊತ್ತು ಬದಲಾಗಿರುತ್ತದೆ. ದೇವಿಮನೆ ಘಟ್ಟದಲ್ಲಿ ಮಣ್ಣು ಯಾವಾಗ ಕುಸಿಯುತ್ತದೆ ಹೇಳಲಾಗದು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆಯೇ ಬಂದಿತ್ತು. ಶಿರಸಿಯವರು ಕುಮಟಾದಲ್ಲಿ ರೈಲು ಹತ್ತುವುದಿದ್ದರೆ ಹಿಂದಿನ ದಿನವೇ ಘಟ್ಟ ಇಳಿದು ಯಾರಾದರೂ ನೆಂಟರ ಮನೆಯಲ್ಲಿ ಉಳಿಯಿರಿ. ಮಾರ್ಕ್ಸ್ ಕಾರ್ಡಿನ ಒರಿಜಿನಲ್‌ಗಳನ್ನು ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ. ನನ್ನ ಬಿಡಿಎಸ್ ಸರ್ಟಿಫಿಕೇಟಿನ ಒಂದು ಮೂಲೆ ಇವತ್ತಿಗೂ ನೀಲಿ.